ಡಿಕ್ಕಿಯ ಲೆಕ್ಕ: ಸಂವೇಗವೋ, ಶಕ್ತಿಯೋ, ಇಂಪಲ್ಸೋ?

ಫಸ್ಟ್ ಪಿಯುಸಿ ಫಿಸಿಕ್ಸ್‌ನಲ್ಲಿ ಡಿಕ್ಕಿಯ ಲೆಕ್ಕ ಕಷ್ಟ ಅನ್ನಿಸುವುದು ಸೂತ್ರ ಗೊತ್ತಿಲ್ಲ ಅಂತಲ್ಲ, ಸೂತ್ರ ಜಾಸ್ತಿ ಇವೆ ಅಂತ. ಸಂವೇಗದ (ದ್ರವ್ಯರಾಶಿ ಗುಣಿಸು ವೇಗ) ಸಂರಕ್ಷಣೆ ಇದೆ, ಶಕ್ತಿಯ ಸಂರಕ್ಷಣೆ ಇದೆ, ಇಂಪಲ್ಸ್ (ಬಲ ಗುಣಿಸು ಸಮಯ, ಅಂದರೆ ಸಂವೇಗದ ಬದಲಾವಣೆ) ಇದೆ, ಸಾಪೇಕ್ಷ ವೇಗದ ನಿಯಮ ಇದೆ, ದ್ರವ್ಯರಾಶಿ ಕೇಂದ್ರದಲ್ಲಿ ಕೂತು ನೋಡುವ ದಾರಿಯೂ ಇದೆ. ಐದೂ ಸರಿಯೇ. ಆದರೆ ಎಲ್ಲ ಪ್ರಶ್ನೆಗೂ ಐದೂ ನಡೆಯುವುದಿಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದೊಂದನ್ನೇ ಹಾಕಿ ನೋಡುತ್ತಾ ಕೂರಲು ಪುರುಸೊತ್ತೆಲ್ಲಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂವೇಗವನ್ನು ಐದರಲ್ಲಿ ಒಂದು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಎರಡು ವಸ್ತು ಬಡಿದುಕೊಂಡವು, ಹೊರಗಿನ ಬಲ ದೊಡ್ಡದಿಲ್ಲ ಅಂದರೆ ಸಂವೇಗದ ಸಮೀಕರಣ ಬರೆಯಲೇಬೇಕು, ಅದರಲ್ಲಿ ಆಯ್ಕೆಯೇ ಇಲ್ಲ. ಆಯ್ಕೆ ಶುರುವಾಗುವುದು ಅದರ ಪಕ್ಕದಲ್ಲಿ ಎರಡನೆಯ ಸಮೀಕರಣವಾಗಿ ಏನು ಬರೆಯಬೇಕು ಅನ್ನುವಲ್ಲಿ. ತಪ್ಪುಗಳೂ ಅಲ್ಲೇ ಆಗುತ್ತವೆ.

ಉದಾಹರಣೆಗಳನ್ನು ಕೊಡಗಿನಿಂದಲೇ ತೆಗೆದುಕೊಳ್ಳುತ್ತೇನೆ. ಕೋವಿ, ಕ್ಯಾರಂ, ಹಾಕಿ, ಜೀಪು. ಡಿಕ್ಕಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲ್ಯಾಬ್ ಬೇಕಾ?

ಸೂತ್ರಕ್ಕಿಂತ ಮೊದಲು ಗೆರೆ

ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿರುತ್ತೀರಿ. ಕಾಯಿಯನ್ನು ಮರಕ್ಕೆ ಬಿಗಿದು ಕಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಗುಂಡು ಬಂದು ಬಡಿಯಿತು. ಗುಂಡು ಮತ್ತು ಕಾಯಿ, ಈ ಎರಡರ ಒಟ್ಟು ಸಂವೇಗ ಉಳಿಯಿತಾ? ಇಲ್ಲ. ಕಾಯಿಯನ್ನು ಮರ ಹಿಡಿದುಕೊಂಡಿದೆ, ಮರವನ್ನು ನೆಲ ಹಿಡಿದುಕೊಂಡಿದೆ. ಗುಂಡು ತಂದ ಸಂವೇಗ ಮರದ ಮೂಲಕ ಭೂಮಿಗೆ ಹೋಯಿತು. ಸಂರಕ್ಷಣೆಯ ನಿಯಮ ಸುಳ್ಳಾಗಿಲ್ಲ, ನೀವು ಎಳೆದ ಗೆರೆ ಚಿಕ್ಕದಾಯಿತು ಅಷ್ಟೇ.

ಅದೇ ಕಾಯಿಯನ್ನು ಉದ್ದ ಹಗ್ಗದಲ್ಲಿ ತೂಗುಬಿಟ್ಟರೆ ಕತೆ ಬೇರೆ. ಹಗ್ಗ ಮೇಲಕ್ಕೆ ಮಾತ್ರ ಎಳೆಯುತ್ತದೆ, ಅಡ್ಡಕ್ಕೆ ಎಳೆಯುವುದಿಲ್ಲ. ಹಾಗಾಗಿ ಗುಂಡು ಅಡ್ಡಕ್ಕೆ ಬಂದರೆ ಅಡ್ಡ ದಿಕ್ಕಿನ ಸಂವೇಗ ಉಳಿಯುತ್ತದೆ. ಹಾಕಿ ಚೆಂಡು ಗೋಲಿನ ಹಲಗೆಗೆ ಬಡಿದು ವಾಪಸ್ ಬಂದರೂ ಇದೇ ಪ್ರಶ್ನೆ. ಚೆಂಡೊಂದರ ಸಂವೇಗ ಬದಲಾಗಿದೆ, ಅದಕ್ಕೆ ಸಂರಕ್ಷಣೆ ಹಚ್ಚಲು ಬರುವುದಿಲ್ಲ.

ಆದ್ದರಿಂದ ಪ್ರಶ್ನೆ ಓದಿದ ಮೇಲೆ ಮೊದಲು ಒಂದು ಚಿತ್ರ ಬರೆಯಿರಿ. ಯಾವ ಯಾವ ವಸ್ತು ಲೆಕ್ಕದೊಳಗೆ ಅಂತ ಸುತ್ತ ಗೆರೆ ಎಳೆಯಿರಿ. ಗೆರೆಯ ಹೊರಗಿನಿಂದ ಯಾರಾದರೂ ದೂಡುತ್ತಿದ್ದಾರಾ, ಯಾವ ದಿಕ್ಕಿನಲ್ಲಿ, ನೋಡಿ. ಈ ಅರ್ಧ ನಿಮಿಷದ ಕೆಲಸ ಬಿಟ್ಟವರೇ ಆಮೇಲೆ ಉತ್ತರ ಹೊಂದುತ್ತಿಲ್ಲ ಅಂತ ಪುಟಗಟ್ಟಲೆ ಬರೆಯುತ್ತಾರೆ.

ಕೋವಿ ಹಿಂದಕ್ಕೆ ಒದೆಯುವ ಲೆಕ್ಕ

ಇದು ಡಿಕ್ಕಿಯ ತಿರುವುಮುರುವು. ಒಂದಾಗಿದ್ದದ್ದು ಎರಡಾಗುತ್ತದೆ. ಜೋಡುನಳಿಗೆ ಕೋವಿಯ ತೂಕ 3.2 ಕೆಜಿ, ತೋಟಾದಿಂದ ಹೊರಡುವ ಚರೆ 32 ಗ್ರಾಂ, ಚರೆಯ ವೇಗ ಸೆಕೆಂಡಿಗೆ 400 ಮೀಟರ್ ಅಂತ ಇಟ್ಟುಕೊಳ್ಳೋಣ. ಕುದುರೆ ಎಳೆಯುವ ಮೊದಲು ಒಟ್ಟು ಸಂವೇಗ ಸೊನ್ನೆ. ಆಮೇಲೆಯೂ ಸೊನ್ನೆಯೇ ಆಗಬೇಕು. ಚರೆಯ ಸಂವೇಗ 12.8 ಆದರೆ ಕೋವಿಯದ್ದೂ 12.8, ದಿಕ್ಕು ಮಾತ್ರ ಉಲ್ಟಾ. 3.2ರಿಂದ ಭಾಗಿಸಿದರೆ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ನಳಿಗೆಯಿಂದ ನುಗ್ಗುವ ಗ್ಯಾಸಿನ ಪಾಲನ್ನು ಇಲ್ಲಿ ಬಿಟ್ಟಿದ್ದೇನೆ, ನಿಜವಾದ ಒದೆತ ಇನ್ನೂ ಸ್ವಲ್ಪ ಜಾಸ್ತಿ.

ಇದನ್ನು ಶಕ್ತಿಯ ಸಂರಕ್ಷಣೆಯಿಂದ ಬಿಡಿಸಲು ಆಗುತ್ತದಾ? ಮೊದಲಿನ ಚಲನಶಕ್ತಿ ಸೊನ್ನೆ, ಆಮೇಲಿನದ್ದು ಸೊನ್ನೆ ಅಲ್ಲ. ಮದ್ದಿನಿಂದ ಎಷ್ಟು ಬಂತು ಅಂತ ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಹಾಗಾಗಿ ಆ ದಾರಿ ಬಂದ್. ಸಿಡಿಯುವ, ಬೇರೆಯಾಗುವ, ಹಾರಿ ಇಳಿಯುವ ಲೆಕ್ಕಕ್ಕೆಲ್ಲ ಸಂವೇಗ ಒಂದೇ ಸಾಕು.

ಉತ್ತರ ಬಂದ ಮೇಲೆ ಶಕ್ತಿ ಹೇಗೆ ಹಂಚಿಹೋಯಿತು ಅಂತ ನೋಡುವುದು ಮಾತ್ರ ಚೆಂದ. ಚರೆಯ ಚಲನಶಕ್ತಿ 2560 ಜೂಲ್, ಕೋವಿಯದ್ದು 25.6 ಜೂಲ್. ಸಂವೇಗ ಸಮಪಾಲು, ಶಕ್ತಿ ಮಾತ್ರ ನೂರಕ್ಕೆ ಒಂದು. ಕೋವಿ ಚರೆಗಿಂತ 100 ಪಟ್ಟು ಭಾರ, ಅದಕ್ಕೇ ಈ 100. ಹಗುರದ್ದಕ್ಕೆ ಶಕ್ತಿ ಜಾಸ್ತಿ ಹೋಗುತ್ತದೆ ಅನ್ನುವುದು ನೆನಪಿದ್ದರೆ ಆಬ್ಜೆಕ್ಟಿವ್ ಪ್ರಶ್ನೆ ಕೆಲವನ್ನು ಪೆನ್ನು ಮುಟ್ಟದೆ ಬಿಡಿಸಬಹುದು. ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿ ಅಂತ ಹಿರಿಯರು ಗದರುವುದರಲ್ಲೂ ಇದೇ ಲೆಕ್ಕ. ಒತ್ತಿ ಹಿಡಿದರೆ ನಿಮ್ಮ ಮೈ ತೂಕವೂ ಕೋವಿಯ ಜೊತೆ ಸೇರುತ್ತದೆ, ವೇಗ ಇಳಿಯುತ್ತದೆ.

ಸಂವೇಗ ಮತ್ತು ಶಕ್ತಿ: 2 ಸೆಂಟಿಮೀಟರೋ, 11 ಮೀಟರೋ?

ಈಗ ನಿಜವಾದ ಗೊಂದಲಕ್ಕೆ ಬರೋಣ. ತೋಟದ ಸಿಲ್ವರ್ ಮರದ 1.3 ಕೆಜಿ ತುಂಡೊಂದನ್ನು ಹಗ್ಗದಲ್ಲಿ ತೂಗುಬಿಟ್ಟಿದ್ದೀರಿ. 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಅಡ್ಡಕ್ಕೆ ಬಂದು ತುಂಡಿನೊಳಗೆ ಸಿಕ್ಕಿಕೊಂಡಿತು. ತುಂಡು ಎಷ್ಟು ಎತ್ತರಕ್ಕೆ ಏರುತ್ತದೆ?

ತುಂಬಾ ಮಂದಿ ಮಾಡುವುದು ಹೀಗೆ: ಗುಂಡಿನ ಚಲನಶಕ್ತಿ ಸುಮಾರು 142 ಜೂಲ್. ಅದೆಲ್ಲ ಎತ್ತರವಾಯಿತು ಅಂತ ಬರೆದುಬಿಡುತ್ತಾರೆ. ಉತ್ತರ 11 ಮೀಟರ್. ಮೂರು ಅಂತಸ್ತಿನ ಮನೆಯಷ್ಟು ಎತ್ತರ! ಒಂದು ಸಣ್ಣ ಗುಂಡು ಮರದ ತುಂಡನ್ನು ಅಷ್ಟು ಮೇಲೆ ಎಸೆಯುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಆದರೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಕೆಳಗೆ ಎರಡು ಗೆರೆ ಎಳೆದು ಬರುತ್ತಾರೆ.

ಸರಿಯಾದ ದಾರಿಯಲ್ಲಿ ಎರಡು ಹಂತ. ಗುಂಡು ಸಿಕ್ಕಿಕೊಳ್ಳುವ ಕ್ಷಣಕ್ಕೆ ಸಂವೇಗ ಮಾತ್ರ. 0.0026 ಗುಣಿಸು 330 ಅಂದರೆ 0.858. ಅದನ್ನು ಒಟ್ಟು 1.3026 ಕೆಜಿಯಿಂದ ಭಾಗಿಸಿದರೆ ಸೆಕೆಂಡಿಗೆ 0.66 ಮೀಟರ್. ಇಲ್ಲಿಗೆ ಡಿಕ್ಕಿ ಮುಗಿಯಿತು. ಇನ್ನು ತುಂಡು ತೂಗಿ ಮೇಲೇರುವುದು ಬೇರೆ ಘಟನೆ. ಅಲ್ಲಿ ಏನೂ ಒಡೆಯುತ್ತಿಲ್ಲ, ಹರಿಯುತ್ತಿಲ್ಲ, ಅಲ್ಲಿ ಶಕ್ತಿಯ ಸಂರಕ್ಷಣೆ ಧಾರಾಳವಾಗಿ ಬಳಸಿ. ವೇಗದ ವರ್ಗವನ್ನು 19.6ರಿಂದ (ಗುರುತ್ವದ 9.8ರ ಎರಡರಷ್ಟು) ಭಾಗಿಸಿದರೆ ಎತ್ತರ ಸುಮಾರು 0.022 ಮೀಟರ್, ಅಂದರೆ 2.2 ಸೆಂಟಿಮೀಟರ್.

11 ಮೀಟರ್ ಎಲ್ಲಿ, 2.2 ಸೆಂಟಿಮೀಟರ್ ಎಲ್ಲಿ! ಗುಂಡು ತಂದ ಶಕ್ತಿಯಲ್ಲಿ ಸುಮಾರು 500ರಲ್ಲಿ ಒಂದು ಪಾಲು ಮಾತ್ರ ಚಲನೆಯಾಗಿ ಉಳಿಯಿತು. ಉಳಿದದ್ದು ಮರವನ್ನು ಸೀಳುವುದಕ್ಕೆ, ಸೀಸವನ್ನು ಚಪ್ಪಟೆ ಮಾಡುವುದಕ್ಕೆ, ಬಿಸಿಗೆ ಖರ್ಚಾಯಿತು. ಆ ಖರ್ಚಿನ ಲೆಕ್ಕ ನಿಮ್ಮ ಹತ್ತಿರ ಇಲ್ಲ. ಇಲ್ಲದಿರುವಾಗ ಶಕ್ತಿಯ ಸಮೀಕರಣ ಬರೆಯುವ ಹಾಗಿಲ್ಲ.

ಈ ಉಪಾಯ ಹಳೆಯದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಹೀಗೇ ತೂಗುವ ಗುರಿಗೆ ಗುಂಡು ಹೊಡೆದು ಗುಂಡಿನ ವೇಗ ಅಳೆಯುವುದನ್ನು ಬರೆದ. ಸೆಕೆಂಡಿಗೆ ನೂರಾರು ಮೀಟರ್ ಓಡುವುದನ್ನು ಹಿಡಿಯುವ ಗಡಿಯಾರ ಆಗ ಇರಲಿಲ್ಲ. ಸಂವೇಗದ ನಿಯಮವೇ ಆ ಕೆಲಸ ಮಾಡಿಕೊಟ್ಟಿತು.

ಹಾಗಾದರೆ ಡಿಕ್ಕಿಯ ಕ್ಷಣಕ್ಕೆ ಚಲನಶಕ್ತಿಯ ಸಂರಕ್ಷಣೆ ಬಳಸುವುದು ಯಾವಾಗ? ಪ್ರಶ್ನೆಯಲ್ಲಿ ಎಲಾಸ್ಟಿಕ್, ಅಂದರೆ ಚಲನಶಕ್ತಿ ಕಳೆಯದ ಡಿಕ್ಕಿ, ಅಂತ ಸ್ಪಷ್ಟವಾಗಿ ಹೇಳಿದ್ದಾಗ. ಇಲ್ಲವೇ ಅಣು, ನ್ಯೂಟ್ರಾನ್ ಥರದ ಪ್ರಶ್ನೆಯಲ್ಲಿ ಅದು ಹಾಗೆಯೇ ಅಂತ ಕೊಟ್ಟಿದ್ದಾಗ. ಅಂಟಿಕೊಂಡವು, ಒಟ್ಟಿಗೆ ಸಾಗಿದವು, ಸಿಕ್ಕಿಕೊಂಡಿತು, ಈ ಮೂರು ಮಾತಲ್ಲಿ ಒಂದು ಕಂಡರೂ ಆ ಸಮೀಕರಣದ ತಂಟೆಗೆ ಹೋಗಬೇಡಿ.

ಎಲಾಸ್ಟಿಕ್ ಆದರೂ ಶಕ್ತಿಯ ಸಮೀಕರಣ ಬೇಡ

ಇದು ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಒಂದೇ ಗೆರೆಯಲ್ಲಿ ನಡೆಯುವ ಎಲಾಸ್ಟಿಕ್ ಡಿಕ್ಕಿಗೆ ಅರ್ಧ ಎಂ ವಿ ಸ್ಕ್ವೇರ್ ಬರೆಯುವುದು ಸುಮ್ನೆ ಮೈಮೇಲೆ ಕೆಲಸ ಎಳೆದುಕೊಂಡಂತೆ.

ಜುಲೈ ಮಳೆಗೆ ಕರೆಂಟ್ ಹೋಗಿ, ಕಾಲೇಜಿಗೆ ರಜೆ ಸಿಕ್ಕಿದ ದಿನ ಕ್ಯಾರಂ ಬೋರ್ಡ್ ಹೊರಗೆ ಬರುತ್ತದಲ್ವಾ. ಸ್ಟ್ರೈಕರ್ 15 ಗ್ರಾಂ, ಕಾಯಿ 5 ಗ್ರಾಂ ಅಂತ ತೆಗೆದುಕೊಳ್ಳಿ. ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನಿಂತ ಕಾಯಿಗೆ ನೇರ ಬಡಿಯಿತು. ಶಕ್ತಿಯ ದಾರಿ ಹಿಡಿದರೆ ವರ್ಗ ಸಮೀಕರಣ ಬರುತ್ತದೆ, ಎರಡು ಉತ್ತರ ಸಿಗುತ್ತದೆ. ಅದರಲ್ಲಿ ಒಂದು ಏನು ಗೊತ್ತಾ? ಡಿಕ್ಕಿಯೇ ಆಗಲಿಲ್ಲ ಅನ್ನುವ ಉತ್ತರ! ಸ್ಟ್ರೈಕರ್ 2ರಲ್ಲೇ ಓಡುತ್ತಿದೆ, ಕಾಯಿ ನಿಂತೇ ಇದೆ. ಆ ಸಮೀಕರಣಗಳಿಗೆ ಅದೂ ಸರಿಯೇ, ಯಾಕಂದರೆ ಆಗ ಸಂವೇಗ, ಶಕ್ತಿ ಎರಡೂ ಉಳಿದಿವೆ. ಅದನ್ನು ಗುರುತಿಸಿ ಬಿಡಬೇಕು.

ಸಾಪೇಕ್ಷ ವೇಗದ ದಾರಿ ಹಿಡಿದರೆ ಈ ರಗಳೆ ಇಲ್ಲ. ಎಲಾಸ್ಟಿಕ್ ಡಿಕ್ಕಿಯಲ್ಲಿ ಹತ್ತಿರ ಬಂದ ವೇಗ ಎಷ್ಟೋ ದೂರ ಹೋಗುವ ವೇಗವೂ ಅಷ್ಟೇ. ಬರುವಾಗ 2, ಹೋಗುವಾಗಲೂ ಕಾಯಿ ಸ್ಟ್ರೈಕರ್‌ಗಿಂತ 2 ಮುಂದೆ. ಸಂವೇಗ ಹೇಳುತ್ತದೆ: 15 ಪಟ್ಟು ಸ್ಟ್ರೈಕರ್ ವೇಗ, ಕೂಡು 5 ಪಟ್ಟು ಕಾಯಿಯ ವೇಗ, ಒಟ್ಟು 30. ಎರಡನ್ನೂ ಸೇರಿಸಿದರೆ ಸ್ಟ್ರೈಕರ್ 1, ಕಾಯಿ 3. ಎರಡೇ ಸಾಲು.

ಇದರ ಇನ್ನೊಂದು ಲಾಭ, ಡಿಕ್ಕಿ ಪೂರ್ತಿ ಎಲಾಸ್ಟಿಕ್ ಅಲ್ಲದಿದ್ದರೂ ಅದೇ ಸಾಲು ನಡೆಯುತ್ತದೆ. ಕೋಎಫಿಶಿಯೆಂಟ್ ಆಫ್ ರೆಸ್ಟಿಟ್ಯೂಷನ್ (ದೂರ ಹೋಗುವ ವೇಗ ಭಾಗಿಸು ಹತ್ತಿರ ಬಂದ ವೇಗ) 0.8 ಅಂತ ಕೊಟ್ಟರೆ 2ರ ಬದಲು 1.6 ಬರೆಯಿರಿ. ಸ್ಟ್ರೈಕರ್ 1.1, ಕಾಯಿ 2.7. ಶಕ್ತಿ ಎಷ್ಟು ಕಳೆಯಿತು ಅಂತ ಕೇಳಿದರೆ ಈಗ ಲೆಕ್ಕ ಹಾಕಿ: 0.03 ಜೂಲ್ ಇದ್ದದ್ದು 0.0273 ಆಯಿತು, ನೂರಕ್ಕೆ 9 ಹೋಯಿತು. ಶಕ್ತಿಯನ್ನು ಕೊನೆಯಲ್ಲಿ ಪರೀಕ್ಷೆಗೆ ಇಟ್ಟುಕೊಳ್ಳಿ. ಹೊರಗಿನಿಂದ ಶಕ್ತಿ ಸೇರದ ಡಿಕ್ಕಿಯಲ್ಲಿ ಆಮೇಲಿನ ಶಕ್ತಿ ಮೊದಲಿಗಿಂತ ಜಾಸ್ತಿ ಬಂದರೆ ಎಲ್ಲೋ ಎಡವಿದ್ದೀರಿ.

ಇನ್ನು ಮೂರನೆಯ ದಾರಿ, ದ್ರವ್ಯರಾಶಿ ಕೇಂದ್ರದಲ್ಲಿ ಕೂತು ನೋಡುವುದು. ಒಟ್ಟು ಸಂವೇಗ 30, ಒಟ್ಟು ದ್ರವ್ಯರಾಶಿ 20, ಕೇಂದ್ರದ ವೇಗ 1.5. ಅಲ್ಲಿಂದ ನೋಡಿದರೆ ಸ್ಟ್ರೈಕರ್ 0.5ರಲ್ಲಿ ಬರುತ್ತಿದೆ, ಕಾಯಿ ಎದುರಿನಿಂದ 1.5ರಲ್ಲಿ ಬರುತ್ತಿದೆ. ಎಲಾಸ್ಟಿಕ್ ಆದರೆ ಇಬ್ಬರೂ ಬಂದಷ್ಟೇ ವೇಗದಲ್ಲಿ ತಿರುಗಿ ಹೋಗುತ್ತಾರೆ. ಮತ್ತೆ 1.5 ಕೂಡಿಸಿ: 1 ಮತ್ತು 3. ಅಭ್ಯಾಸ ಆದವರಿಗೆ ಇದರಷ್ಟು ಬೇಗ ಇನ್ನೊಂದಿಲ್ಲ, ಬಾಯಲ್ಲೇ ಆಗುತ್ತದೆ. ಅಭ್ಯಾಸ ಇಲ್ಲದವರು ಕೊನೆಯಲ್ಲಿ 1.5 ಕೂಡಿಸಲು ಮರೆಯುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಹಂತಗಳನ್ನು ತೋರಿಸಬೇಕಾದಾಗ ಸಾಪೇಕ್ಷ ವೇಗ, ಸಿಇಟಿ, ನೀಟ್‌ಗೆ ಕೇಂದ್ರದ ದಾರಿ. ನಾನು ಹೀಗೆ ಹಂಚಿಕೊಳ್ಳಲು ಹೇಳುತ್ತೇನೆ.

ಬೇರೆ ಕಡೆ ಕೂತು ನೋಡುವ ಈ ಯೋಚನೆ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್‌ನದ್ದು. ದಡದ ಪಕ್ಕದಲ್ಲಿ ಹೋಗುವ ದೋಣಿಯಲ್ಲಿ ಒಬ್ಬ ಎರಡು ಗೋಲಿಗಳನ್ನು ಡಿಕ್ಕಿ ಹೊಡೆಸುತ್ತಾನೆ, ದಡದಲ್ಲಿ ನಿಂತವ ಅದನ್ನೇ ನೋಡುತ್ತಾನೆ. ವೇಗದ ಅಂಕಿ ಇಬ್ಬರಿಗೂ ಬೇರೆ, ನಿಯಮ ಒಂದೇ. ದುಬಾರೆಯಲ್ಲಿ ಹೊಳೆ ದಾಟುವ ಬೋಟಿನಲ್ಲಿ ಕೂತು ಇದನ್ನು ಯೋಚಿಸಿ ನೋಡಿ, ಪಾಠಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಬಲ ಕೇಳಿದರೆ ಇಂಪಲ್ಸ್

1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಬೇಸಿಗೆಯಲ್ಲಿ ಹೋಗದವರು ನಮ್ಮಲ್ಲಿ ಕಡಿಮೆ. ಹಾಕಿ ಚೆಂಡಿನ ತೂಕ ನಿಯಮದ ಪ್ರಕಾರ 156ರಿಂದ 163 ಗ್ರಾಂ. 160 ಅಂತ ಹಿಡಿಯೋಣ. ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದೆ. ಆಟಗಾರ ಅದನ್ನು ನಿಲ್ಲಿಸದೆ ಅದೇ ದಾರಿಯಲ್ಲಿ 25 ಮೀಟರ್ ವೇಗದಲ್ಲಿ ವಾಪಸ್ ಹೊಡೆದ. ಸ್ಟಿಕ್ಕಿಗೆ ಚೆಂಡು ತಗುಲಿದ್ದು ಒಂದು ಸೆಕೆಂಡಿನ ಸಾವಿರದಲ್ಲಿ 2 ಪಾಲು. ಸರಾಸರಿ ಬಲ ಎಷ್ಟು?

ಇಲ್ಲಿ ಸಂರಕ್ಷಣೆಯಿಂದ ಪ್ರಯೋಜನ ಇಲ್ಲ. ಸ್ಟಿಕ್ಕನ್ನು ಕೈ ಹಿಡಿದಿದೆ, ಕೈಯನ್ನು ಮೈ ಹಿಡಿದಿದೆ, ಕಾಲು ನೆಲದಲ್ಲಿದೆ. ಚೆಂಡಿನ ಸುತ್ತ ಮಾತ್ರ ಗೆರೆ ಎಳೆದು ಅದರ ಸಂವೇಗ ಎಷ್ಟು ಬದಲಾಯಿತು ಅಂತ ನೋಡಿ, ಸಮಯದಿಂದ ಭಾಗಿಸಿ. ಬದಲಾವಣೆ 25ರಿಂದ 10 ಕಳೆದು 15 ಅಲ್ಲ. ದಿಕ್ಕು ತಿರುಗಿದೆ, ಹಾಗಾಗಿ 35. 0.16 ಗುಣಿಸು 35 ಅಂದರೆ 5.6. ಭಾಗಿಸು 0.002. ಬಲ 2800 ನ್ಯೂಟನ್. 15 ಹಾಕಿದವರಿಗೆ 1200 ಬರುತ್ತದೆ, ಆಯ್ಕೆಗಳಲ್ಲಿ ಆ 1200 ಕೂಡ ಕಾದು ಕೂತಿರುತ್ತದೆ.

ದಿಕ್ಕು ಮರೆಯುವುದು ದೊಡ್ಡವರಿಗೂ ಆಗಿದೆ. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1644ರಲ್ಲಿ ಡಿಕ್ಕಿಯ ನಿಯಮಗಳನ್ನು ಬರೆದಾಗ ಗಾತ್ರ ಗುಣಿಸು ವೇಗ ಅನ್ನುವುದನ್ನು ದಿಕ್ಕಿಲ್ಲದ ಅಂಕಿಯಾಗಿ ಇಟ್ಟುಕೊಂಡಿದ್ದ. ಆ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. 1668-69ರಲ್ಲಿ ವಾಲಿಸ್, ರೆನ್, ಹೈಗನ್ಸ್ ಮೂವರೂ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಉತ್ತರಗಳಲ್ಲಿ ದಿಕ್ಕಿಗೆ ಬೆಲೆ ಬಂತು. ಹಾಗಾಗಿ ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್ ಅಂತ ಚಿತ್ರದ ಮೇಲೆ ಬಾಣ ಹಾಕಿಯೇ ಮುಂದೆ ಹೋಗಿ.

ಗೋಲ್‌ಕೀಪರ್ ಕಾಲಿಗೆ ದಪ್ಪ ಪ್ಯಾಡ್ ಯಾಕೆ ಅನ್ನುವ ಪ್ರಶ್ನೆಯೂ ಇಂಪಲ್ಸ್‌ನದ್ದೇ. ಸಮಯ ಜಾಸ್ತಿಯಾದರೆ ಬಲ ಕಡಿಮೆ. ಇದರಲ್ಲಿ ಹೆಚ್ಚು ಹೇಳಲು ಏನಿಲ್ಲ.

ಅಡ್ಡದಾರಿಯ ಡಿಕ್ಕಿ, ಬ್ರೇಕು, ಇಳಿಜಾರು

ಕುಶಾಲನಗರದಂಥ ಸಮತಟ್ಟು ಊರಿನ ಒಂದು ಕೂಡುರಸ್ತೆ. 1500 ಕೆಜಿ ಜೀಪು ಪೂರ್ವಕ್ಕೆ ಸೆಕೆಂಡಿಗೆ 12 ಮೀಟರ್, 1000 ಕೆಜಿ ಕಾರು ಉತ್ತರಕ್ಕೆ 18 ಮೀಟರ್. ಬಡಿದು ಒಂದಕ್ಕೊಂದು ಸಿಕ್ಕಿಕೊಂಡವು. ಪೂರ್ವದ ಸಂವೇಗ 18000, ಉತ್ತರದ್ದೂ 18000. ಎರಡನ್ನೂ ಬೇರೆ ಬೇರೆ ಇಡಿ, ನೇರವಾಗಿ ಕೂಡಿಸಬೇಡಿ. ಪೈಥಾಗೊರಸ್ ಹಾಕಿದರೆ 25456. ಒಟ್ಟು 2500 ಕೆಜಿಯಿಂದ ಭಾಗಿಸಿದರೆ ಸುಮಾರು 10.2 ಮೀಟರ್ ವೇಗ, ಸರಿಯಾಗಿ ಈಶಾನ್ಯಕ್ಕೆ. 2,70,000 ಜೂಲ್ ಇದ್ದ ಚಲನಶಕ್ತಿ 1,29,600ಕ್ಕೆ ಇಳಿದಿದೆ. ಅರ್ಧಕ್ಕಿಂತ ಜಾಸ್ತಿ ತಗಡು ಬಗ್ಗಿಸುವುದಕ್ಕೆ ಹೋಯಿತು.

ಬ್ರೇಕ್ ಹಾಕಿದ್ದರೆ ರಸ್ತೆಯ ಘರ್ಷಣೆ ಹೊರಗಿನ ಬಲ ಅಲ್ವಾ, ಸಂವೇಗ ಹೇಗೆ ಉಳಿಯುತ್ತದೆ? ಒಳ್ಳೆಯ ಪ್ರಶ್ನೆ. ಅಳೆದೇ ನೋಡೋಣ. ಒದ್ದೆ ರಸ್ತೆಯ ಘರ್ಷಣಾ ಗುಣಾಂಕ 0.4 ಅಂದರೆ ಬಲ 9800 ನ್ಯೂಟನ್. ಡಿಕ್ಕಿ 0.1 ಸೆಕೆಂಡ್ ನಡೆದರೆ ಘರ್ಷಣೆ ತಿನ್ನುವ ಸಂವೇಗ 980. ಒಟ್ಟು 25456ರಲ್ಲಿ ನೂರಕ್ಕೆ 4ಕ್ಕಿಂತ ಕಡಿಮೆ. ಬಿಡಬಹುದು. ಆದರೆ ಡಿಕ್ಕಿ ಆದ ಮೇಲೆ ಎರಡೂ ಜಾರಿಕೊಂಡು ಹೋಗುವಾಗ ಅದೇ ಘರ್ಷಣೆಯೇ ಎಲ್ಲ. 10.2ರ ವರ್ಗವನ್ನು 7.84ರಿಂದ (2 ಗುಣಿಸು 0.4 ಗುಣಿಸು 9.8) ಭಾಗಿಸಿದರೆ ಸುಮಾರು 13 ಮೀಟರ್ ಜಾರಿ ನಿಲ್ಲುತ್ತವೆ. ಡಿಕ್ಕಿಗೆ ಸಂವೇಗ, ಜಾರುವುದಕ್ಕೆ ಕೆಲಸ ಮತ್ತು ಶಕ್ತಿ. ಸಂಪಾಜೆ ಘಾಟಿಯ ಇಳಿಜಾರಲ್ಲೂ ಇದೇ ಹಂಚಿಕೆ. ಡಿಕ್ಕಿಯ ಚಿಕ್ಕ ಕ್ಷಣಕ್ಕೆ ಇಳಿಜಾರಿನ ಎಳೆತವನ್ನು ಬಿಡಿ, ಆಮೇಲಿನದ್ದಕ್ಕೆ ಬಿಡಬೇಡಿ.

ಎರಡೂ ಬೇಕೇ ಬೇಕಾದ ಲೆಕ್ಕ

ಸಂವೇಗ ಒಂದರಿಂದಲೂ ಆಗದ, ಶಕ್ತಿ ಒಂದರಿಂದಲೂ ಆಗದ ಲೆಕ್ಕಕ್ಕೆ ನನಗೆ ತುಂಬಾ ಇಷ್ಟವಾದದ್ದು 1932ರದ್ದು. ಬೆರಿಲಿಯಂನಿಂದ ಹೊರಡುವ ಯಾವುದೋ ಕಿರಣ ಮೇಣಕ್ಕೆ ಬಡಿದು ಪ್ರೋಟಾನುಗಳನ್ನು ಹೊರಗೆ ಹಾರಿಸುತ್ತಿತ್ತು. ಪ್ಯಾರಿಸ್ಸಿನಲ್ಲಿ ಇದನ್ನು ಕಂಡ ಐರೀನ್ ಮತ್ತು ಫ್ರೆಡೆರಿಕ್ ಜೋಲಿಯೋ-ಕ್ಯೂರಿ ಅದು ಗಾಮಾ ಕಿರಣ ಅಂದುಕೊಂಡರು. ಪ್ರೋಟಾನಿಗೆ ಅಷ್ಟು ವೇಗ ಕೊಡಲು ಗಾಮಾ ಕಿರಣಕ್ಕೆ ಸುಮಾರು 50 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕಿತ್ತು, ಆ ಕ್ರಿಯೆಯಲ್ಲಿ ಅಷ್ಟು ಹುಟ್ಟುವ ದಾರಿಯೇ ಇರಲಿಲ್ಲ. ಕೇಂಬ್ರಿಡ್ಜಿನ ಜೇಮ್ಸ್ ಚಾಡ್ವಿಕ್ ಕೇಳಿದ್ದು ಇಷ್ಟು: ಬಡಿಯುವುದು ತೂಕವಿರುವ ಒಂದು ಕಣವಾಗಿದ್ದರೆ?

ಆ ಕಣದ ದ್ರವ್ಯರಾಶಿ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಒಂದೇ ಗುರಿಗೆ ಹೊಡೆದರೆ ಸಾಲುವುದಿಲ್ಲ. ಎರಡು ಗುರಿಯ ಅಂಕಿ ತೆಗೆದುಕೊಂಡ. ಹೈಡ್ರೋಜನ್, ತೂಕ 1. ನೈಟ್ರೋಜನ್, ತೂಕ 14. ಡಿಕ್ಕಿ ನೇರ, ಎಲಾಸ್ಟಿಕ್. ಹೈಡ್ರೋಜನ್ ಹಾರಿದ ಅತಿ ಹೆಚ್ಚು ವೇಗ ಸೆಕೆಂಡಿಗೆ 3.3 ಕೋಟಿ ಮೀಟರ್, ನೈಟ್ರೋಜನ್‌ದ್ದು 47 ಲಕ್ಷ ಮೀಟರ್. ಸಂವೇಗ, ಸಾಪೇಕ್ಷ ವೇಗ (ಎಲಾಸ್ಟಿಕ್ ಡಿಕ್ಕಿಯಲ್ಲಿ ಶಕ್ತಿಯ ಸಮೀಕರಣದ ಬದಲಿಗೆ ಬರುವುದು ಇದೇ) ಎರಡನ್ನೂ ಸೇರಿಸಿ ಬಿಡಿಸಿದರೆ ಕಣದ ಮೂಲ ವೇಗ ಲೆಕ್ಕದಿಂದ ತಾನೇ ಬಿದ್ದುಹೋಗುತ್ತದೆ. ಉಳಿಯುವುದು ಇಷ್ಟು: ಕಣದ ತೂಕಕ್ಕೆ 14 ಕೂಡಿಸಿ, ಅದನ್ನು ಕಣದ ತೂಕಕ್ಕೆ 1 ಕೂಡಿಸಿದ್ದರಿಂದ ಭಾಗಿಸಿದರೆ, ಎರಡು ವೇಗಗಳ ಅನುಪಾತ ಬರಬೇಕು. ಅನುಪಾತ ಸುಮಾರು 7. ಕಣದ ತೂಕ ಸುಮಾರು 1.15. ಪ್ರೋಟಾನಿನಷ್ಟೇ ಭಾರ, ಚಾರ್ಜ್ ಇಲ್ಲ. ಅದು ನ್ಯೂಟ್ರಾನ್. ಅಳತೆಯಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿರಬಹುದು ಅಂತ ಚಾಡ್ವಿಕ್ ತಾನೇ ಬರೆದ. ಈಗಿನ ಬೆಲೆ 1.0087.

ಕ್ಯಾರಂನ 15 ಮತ್ತು 5ರ ಜಾಗದಲ್ಲಿ ಈ ಅಂಕಿಗಳನ್ನು ಇಟ್ಟು ನೀವೇ ಒಮ್ಮೆ ಬಿಡಿಸಿ ನೋಡಿ. ಒಂದು ಪುಟ ಸಾಕು.